ಮಾಣಿ, ನಾಳೆ ಘಟ್ಟ ಹತ್ತಬೇಡ

ಹಲೋ... ಹಾಂ, ರೆಕಾರ್ಡ್ ಆಗ್ತಾ ಇದೆ. ಮಾಣಿ, ನಿನ್ನ ಮೆಸೇಜ್ ಈಗ ನೋಡಿದೆ. ಏರಿನಲ್ಲಿ ಇಂಜಿನ್ ಕೂಗ್ತದೆ, ಗಾಡಿ ಮುಂದೆ ಹೋಗೂದಿಲ್ಲ, ಗ್ಯಾರೇಜಿನವರು ಗೇರ್‌ಬಾಕ್ಸೇ ಇಳಿಸಬೇಕು ಅಂತಾರೆ, ಇಳಿಸಬೇಕಾ, ನಾಳೆ ಕುಮಟೆಯಿಂದ ಚಿರೇಕಲ್ಲು ಹೇರಿಕೊಂಡು ಬರಬಹುದಾ ಅಂತ ಕೇಳಿದ್ದೀಯ. ಬರಬೇಡ. ಖಾಲಿ ಗಾಡಿಯೂ ಬೇಡ. ದೇವಿಮನೆ ಘಟ್ಟ ಹತ್ತಬೇಡ.

ನಮ್ಮ ಹಳೇ ಪಿಕಪ್ ನಿಮಗೆಲ್ಲ ಗೊತ್ತಲ್ಲ, ನಿನ್ನ ಅಕ್ಕನ ಮದುವೆಗೆ ಪಾತ್ರೆ ಹೇರಿದ್ದು. ಅದೂ ನಿನ್ನ ಗಾಡಿ ಹಾಗೆ ಆಟೋಮ್ಯಾಟಿಕ್ಕೇ, ಗೇರ್ ತಾನೇ ಬದಲಾಗೂದು. ಆ ವರ್ಷ ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಒಂದು ಕೆಂಪು ಕಲೆ ಕಂಡಿತು, ಅಡಿಕೆ ಹೋಳಿನಷ್ಟು ದೊಡ್ಡದು. ಯಾರೋ ಎಲೆ-ಅಡಿಕೆ ಕವಳ ಉಗುಳಿದ್ದು ಅಂತ ನಾನು ಅಂದುಕೊಂಡೆ. ತೋಟದ ಕೆಲಸಕ್ಕೆ ಬರ್ತಿದ್ದವನಿಗೆ ಎಲ್ಲರೆದುರಿಗೆ ಬೈದೆ. 'ನಾನಲ್ಲ ಹೆಗಡೇರೇ' ಅಂದ, ನಂಬಲಿಲ್ಲ. ಮರುದಿನ ಅದೇ ಜಾಗದಲ್ಲಿ ಮತ್ತೆ ಕಲೆ. ಒಂದು ಬೆರಳು ಮುಟ್ಟಿಸಿ ನೋಡಿದ್ದರೆ ಸಾಕಿತ್ತು. ಕವಳದ ರಸ ಒಣಗ್ತದೆ, ಇದು ಜಿಡ್ಡು, ಒಣಗೂದಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಆಟೋಮ್ಯಾಟಿಕ್ಕಿನಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ್ದು ಅಂತ ನನಗೆ ಯಾರೂ ಹೇಳಿರಲಿಲ್ಲ. ರೇಡಿಯೇಟರ್ ಹತ್ತಿರ ಅದನ್ನು ತಣಿಸಲಿಕ್ಕೆ ಹೋಗುವ ಪೈಪಿನ ಬಾಯಿಯಲ್ಲಿ ಹನಿ ಹನಿ ಸೋರ್ತಿತ್ತು.

ಹದಿನೈದು ದಿನ ಹಾಗೇ ಓಡಿಸಿದೆ. ಮೊದಲು ಮುಂದೆ ಹೋಗುವ 'ಡಿ'ಗೆ ಹಾಕಿದರೆ ಎರಡು ಸೆಕೆಂಡ್ ತಡ. ಆಮೇಲೆ ಬಿಸಿಯಾದ ಮೇಲೆ ಗೇರ್ ಹಿಡಿಯದೆ ಜಾರಲಿಕ್ಕೆ ಶುರು. ಒಂದಿನ ಕುಮಟೆಯಿಂದ ಹಂಚು ಹೇರಿಕೊಂಡು ಕತಗಾಲ ದಾಟಿ ಘಟ್ಟ ಹತ್ತುವಾಗ, ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಎಷ್ಟು ಜೋರು ತಿರುಗ್ತದೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು 3,500ಕ್ಕೆ ಏರಿತು, ಗಾಡಿ ನಿಂತಿತು, ಮತ್ತೆ ಹಿಂದಕ್ಕೆ ಬರಲಿಕ್ಕೆ ಹತ್ತಿತು. ಹಿಂದೆ ಲಾರಿ. ಬ್ರೇಕ್ ಒತ್ತಿ ಹಿಡಿದು ಕೂತೆ. ನಿನ್ನ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಅವಳ ಬೆರಳು ಜಜ್ಜಿ ಹೋಯಿತು. ಇವತ್ತಿಗೂ ಆ ಉಗುರು ವಾರೆಯಾಗೇ ಬೆಳೀತದೆ. ಅದಕ್ಕೇ ಮತ್ತೆ ಹೇಳ್ತೇನೆ, ನಾಳೆ ಘಟ್ಟ ಹತ್ತಬೇಡ.

ಆಗ ನನ್ನ ಗಾಡಿ ನೋಡ್ತಿದ್ದ ಗ್ಯಾರೇಜಿನವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೂರು ಸರ್ವೀಸಿನಲ್ಲಿ ಗೇರ್ ಎಣ್ಣೆ ನೋಡು ಅಂತ ಬಾಯಿ ಬಿಟ್ಟು ಕೇಳಿದ್ದೆ. 'ಇದು ಲೈಫ್‌ಟೈಮ್ ಆಯಿಲ್, ಮುಟ್ಟೂದೇ ಬೇಡ' ಅಂದ. ಗೇರ್‌ಬಾಕ್ಸ್ ಸುಟ್ಟ ಮೇಲೆ ಅವನೇ 'ಮೊದಲೇ ತೋರಿಸಬೇಕಿತ್ತು' ಅಂದ! ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಗಾಡಿ ಅಲ್ಲಿ, ನಾನು ಬಾಡಿಗೆ ಗಾಡಿಗೆ ದುಡ್ಡು ಸುರೀತಾ ಇಲ್ಲಿ. ಬೈಸಿಕೊಂಡವನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಕವಳದ ಬಟ್ಟಲು ಮುಂದಿಟ್ಟ, ಮಾತಾಡಿಸಿದ. ಆದರೆ ತೋಟಕ್ಕೆ ತಿರುಗಿ ಬರಲಿಲ್ಲ.

ಅಯ್ಯೋ, ನೀನು ಕೇಳಿದ್ದು ಗೇರ್‌ಬಾಕ್ಸ್ ಇಳಿಸಬೇಕಾ ಅಂತ. ಈಗಲೇ ಇಳಿಸಲಿಕ್ಕೆ ಬಿಡಬೇಡ. ಮುಳ್ಳು ಏರ್ತದೆ, ವೇಗ ಏರೂದಿಲ್ಲ ಅಂದರೆ ಜಾರೂದು. ಎರಡೂ ಏರದಿದ್ದರೆ ಅದು ಇಂಜಿನ್ ಬದಿಯ ತೊಂದರೆ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯೂದು ಎಣ್ಣೆಯ ಒತ್ತಡ. ಎಣ್ಣೆ ಕಮ್ಮಿಯಾದರೆ ಪಂಪು ಗಾಳಿ ಎಳೀತದೆ, ಪ್ಲೇಟು ಹಿಡಿಯೂದಿಲ್ಲ, ತಿಕ್ಕಿ ಸುಡ್ತದೆ. ಹಾಗಾಗಿ ಮೊದಲು ಎಣ್ಣೆಯ ಮಟ್ಟ ನೋಡಿಸು. ಹೆಚ್ಚಿನ ಗಾಡಿಗೆ ಸಮನೆಲದಲ್ಲಿ, ಇಂಜಿನ್ ಚಾಲೂ ಇಟ್ಟು, ಎಲ್ಲ ಗೇರಿಗೂ ಒಮ್ಮೆ ಹಾಕಿ ತೆಗೆದು, ಗಾಡಿ ನಿಲ್ಲಿಸುವ 'ಪಿ'ಗೆ ತಂದು ನೋಡೂದು. ನಿನ್ನದಕ್ಕೆ ಅಳತೆ ಕಡ್ಡಿ ಇರಲಿಕ್ಕಿಲ್ಲ, ಗೇರ್‌ಬಾಕ್ಸಿನಲ್ಲಿ ಮಟ್ಟ ನೋಡಲಿಕ್ಕೇ ಇರುವ ಬೋಲ್ಟ್ ತೆಗೆದು ನೋಡಬೇಕಾಗ್ತದೆ, ಎಣ್ಣೆ ಎಷ್ಟು ಬಿಸಿ ಇರಬೇಕು ಅಂತ ಕಂಪನಿಯ ಪುಸ್ತಕದಲ್ಲಿರ್ತದೆ. ಕೆಂಪಾಗಿದ್ದು ಬರೀ ಕಮ್ಮಿ ಇದ್ದರೆ ಸೋರುವಲ್ಲಿ ಸರಿ ಮಾಡಿಸಿ, ಪುಸ್ತಕದಲ್ಲಿ ಬರೆದ ಎಣ್ಣೆಯನ್ನೇ ಹಾಕಿಸು. ಹೆಚ್ಚು ತುಂಬಿದರೂ ನೊರೆ ಬಂದು ಜಾರ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಹೋಗಿರಬಹುದು, ಇಳಿಸುವ ಮಾತು ಆಗ. ಸ್ಕ್ಯಾನರ್ ಹಾಕಿಸಿ, ಗಾಡಿಯ ಕಂಪ್ಯೂಟರ್ ತೋರಿಸುವ ದೋಷದ ಕೋಡ್ ಬರೆಸಿಕೋ. ಪಿ0730ರಿಂದ ಪಿ0736ರೊಳಗಿನದು ಬಂದರೆ ಗೇರ್ ಸರಿಯಾಗಿ ಹಿಡೀತಾ ಇಲ್ಲ ಅಂತ.

ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆಸಬೇಡ. ಇಂಜಿನ್ ತಿರುಗದೆ ಒಳಗಿನ ಪಂಪು ತಿರುಗೂದಿಲ್ಲ, ಎಣ್ಣೆ ಸಿಗದೆ ಒಳಗೆ ಸರಿ ಇದ್ದದ್ದೂ ಹಾಳಾಗ್ತದೆ. ಪೂರ್ತಿ ಮೇಲೆ ಹತ್ತಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸು.

ಇವತ್ತು ರಾತ್ರಿ ಗಾಡಿ ಅಡಿಗೆ ಬಿಳಿ ರಟ್ಟು ಹಾಸಿಡು, ಬೆಳಿಗ್ಗೆ ಅದರ ಫೋಟೋ ಇಲ್ಲೇ ಹಾಕು. ಚಿರೇಕಲ್ಲಿಗೆ ನಾನು ಬೇರೆ ಗಾಡಿ ಹೇಳ್ತೇನೆ.