ಜೇವರ್ಗಿ ದಾಟಿ ಪೋಸ್ಟಿಂಗ್, ಸಂಜೆ ವಾಪಸ್ ಬರೋದೇ ದೊಡ್ಡ ತಲೆನೋವು. ಏನು ಮಾಡ್ಲಿ?

ಬಿಸಿಲೂರ ಇಂಟರ್ನ್:
ಎಂಬಿಬಿಎಸ್ ಇಂಟರ್ನ್‌ಶಿಪ್ ನಡೀತಿದೆ. ಕಮ್ಯುನಿಟಿ ಮೆಡಿಸಿನ್ 12 ವಾರ, ಅದರಲ್ಲೀಗ ಹಳ್ಳಿ ಆಸ್ಪತ್ರೆಗೆ ಹಾಕಿದ್ದಾರೆ. ಊರಿನ ಹೆಸರು ಬೇಡ ಬಿಡಿ, ಜೇವರ್ಗಿ ದಾಟಿ ಒಳಗೆ ಹೋಗಬೇಕು. ಹಾಸ್ಟೆಲ್ ಮಾತ್ರ ಕಲಬುರಗಿಯಲ್ಲೇ. ಬೆಳಿಗ್ಗೆ ರಾಮ ಮಂದಿರ ಸರ್ಕಲ್‌ನಲ್ಲಿ ನಿಂತರೆ ಜೇವರ್ಗಿ ಬಸ್ಸಿಗೇನೂ ಬರ ಇಲ್ಲ, ಒಂಟಿ ಕಾಲಲ್ಲಾದರೂ ನಿಂತು ಹೋಗಬಹುದು. ಅಲ್ಲಿಂದ ಮುಂದೆ ಟಂಟಂ ಆಟೋ. ಅದು ತುಂಬೋ ತನಕ ಹೊರಡುವುದಿಲ್ಲ. ತುಂಬೋದು ಅಂದರೆ ಡ್ರೈವರ್ ಪಕ್ಕ ಇಬ್ಬರು, ಹಿಂದೆ ಒಬ್ಬರ ಮೇಲೊಬ್ಬರು, ಗೊಬ್ಬರದ ಚೀಲದ ಮೇಲೆ ನಾನು, ಮಡಿಲಲ್ಲಿ ಏಪ್ರನ್ ಇರೋ ಬ್ಯಾಗು.

ಸಂಜೆ ಇನ್ನೂ ಕೆಟ್ಟದು. ಕೊನೆಗೆ ಒಬ್ಬರು ಪೇಷಂಟ್ ಬಂದೇ ಬರ್ತಾರೆ, ಅವರನ್ನು ಬಿಟ್ಟು ಓಡೋಕಾಗಲ್ಲ. ಅಷ್ಟರಲ್ಲಿ ಟಂಟಂ ಹೋಗಿರುತ್ತದೆ. ಹೇಗೋ ಜೇವರ್ಗಿ ಮುಟ್ಟಿದರೆ ವಿಜಯಪುರ, ಶಹಾಪುರ ಕಡೆಯಿಂದ ಬರೋ ಬಸ್ಸುಗಳೆಲ್ಲ ಫುಲ್. ಡ್ರೈವರ್ ಸ್ಟೇರಿಂಗ್ ಮೇಲಿಂದ ಒಂದು ಕೈ ಎತ್ತಿ ಹಿಂದಕ್ಕೆ ತೋರಿಸ್ತಾನೆ, ಹಿಂದೆ ಇನ್ನೊಂದಿದೆ ಅಂತ. ಆ ಇನ್ನೊಂದರ ಡ್ರೈವರೂ ಹಾಗೇ ತೋರಿಸ್ತಾನೆ. ಸ್ಕೂಟಿ ತಗೊಳ್ಳೋದಾ? ಈ ದಾರಿಯಲ್ಲಿ ಓಡಾಡಿದವರು ಹೇಳಿ.

ಕಡಕ್‌ರೊಟ್ಟಿ:
ಸ್ಕೂಟಿ ಬೇಡ್ರೀ. ಹಗಲು ಪರವಾಗಿಲ್ಲ, ಆದರೆ ಕಬ್ಬಿನ ಸೀಸನ್‌ನಲ್ಲಿ ಕತ್ತಲಾದ ಮೇಲೆ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಓಡಾಡ್ತವೆ, ಹತ್ತಿರ ಹೋಗೋ ತನಕ ಕಾಣಲ್ಲ. ಮಳೆಗಾಲದಲ್ಲಿ ಒಳದಾರಿ ಬೇರೆ, ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಗಾಡಿ ನೀವೇ ತಳ್ಳಬೇಕು.

ಶಹಾಬಾದ್ ಪರ್ಸಿ:
ನಮ್ಮ ಶಹಾಬಾದ್, ವಾಡಿ ಕಡೆ ಹಾಕಿಸ್ಕೋಬೇಕಿತ್ತು. ರೈಲ್ವೆ ಪಾಸ್ ಮಾಡಿಸಿ ಆರಾಮಾಗಿ ಬರಬಹುದಿತ್ತು. ಜೇವರ್ಗಿಗೆ ಹಳಿಯೇ ಇಲ್ಲವಲ್ಲ. ಇನ್ನು ಬಸ್ಸಿನ ಕಥೆ: 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸೊನ್ನೆ ಟಿಕೆಟ್, ಗಂಡಸರಿಗೆ ಅರ್ಧ ಸೀಟು ಮೀಸಲು ಅಂದರು. ನಾನಂತೂ ಆ ಅರ್ಧದಲ್ಲಿ ಕೂತ ನೆನಪಿಲ್ಲ. ಬೈಕೊಳ್ತಿಲ್ಲ, ನನ್ನ ತಂಗಿ ಕಾಲೇಜಿಗೆ ಹೋಗ್ತಿರೋದೇ ಅದರಿಂದ. ಬಸ್ಸು ಜಾಸ್ತಿ ಬಿಡಬೇಕು ಅಷ್ಟೇ.

ಹಳೇ ಪಿಜಿ:
ದಾರಿ ಸರಿಹೋಗೋದನ್ನು ಕಾಯಬೇಡಿ, ಡ್ಯೂಟಿ ಕೂಡಿಸಿ. ನಿಮ್ಮ ಬ್ಯಾಚ್‌ನವರು ಅಲ್ಲಿ ಎಷ್ಟು ಜನ ಇದ್ದೀರಿ? ಎಲ್ಲರೂ ದಿನಾ ಹೋಗಿ ಸುಮ್ನೆ ಒಂದೇ ಒಪಿಡಿಯಲ್ಲಿ ಕೂರೋ ಬದಲು, ಇಬ್ಬಿಬ್ಬರು ಎರಡು ದಿನ ಅಲ್ಲೇ ಉಳಿದು ನೈಟ್ ಸೇರಿಸಿ ಮಾಡಿ, ಆಮೇಲೆ ಬಿಡುವು ತಗೊಳ್ಳಿ. ನಾವು ಹಾಗೇ ಮಾಡಿದ್ದು. ಹೆರಿಗೆ ಕೇಸ್ ಬರೋದೂ ರಾತ್ರಿಯೇ ಜಾಸ್ತಿ, ಕಲಿಯೋಕೆ ಅದೇ ಒಳ್ಳೇದು. ಬಾಯಿ ಮಾತಲ್ಲಿ ಬೇಡ, ಮೆಡಿಕಲ್ ಆಫೀಸರ್ ಸಹಿ ಇರೋ ರೋಸ್ಟರ್ ಮಾಡಿಸಿ, ಇಲ್ಲದಿದ್ದರೆ ಬಿಡುವಿನ ದಿನ ಆಬ್ಸೆಂಟ್ ಬೀಳುತ್ತದೆ.

ಬಿಸಿಲೂರ ಇಂಟರ್ನ್:
ನಾವು ನಾಲ್ಕು ಜನ, ಮೂವರು ಹುಡುಗಿಯರು. ಉಳಿಯೋಕೆ ಒಂದು ಕೋಣೆ ಇದೆ, ಈಗ ಅದರಲ್ಲಿ ಹಳೇ ಮಂಚ, ಲಸಿಕೆ ಡಬ್ಬಿ ತುಂಬಿದ್ದಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಸೋಮವಾರ ಕೇಳ್ತೀನಿ.

ಹಳೇ ಪಿಜಿ:
ಚಿಲಕ ಹಾಕಿಸೋ ತನಕ ಉಳೀಬೇಡಿ. ರಾತ್ರಿ ನರ್ಸ್ ಯಾರಿರ್ತಾರೆ, ಟಾಯ್ಲೆಟ್‌ಗೆ ನೀರು ಬರುತ್ತಾ, ಅದನ್ನೂ ಅವತ್ತೇ ಕೇಳಿಕೊಳ್ಳಿ.