ರಿಪೋರ್ಟಿನ ಕೊನೇ ಸಾಲು ಓದಮ್ಮ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ನಿಮ್ಮಪ್ಪನಿಗೆ ಶ್ವಾಸಕೋಶದ ಗಂಟಿಗೆ ಅಂತ, ಕ್ಯಾನ್ಸರ್ ಇದೆಯಾ ಅಂತ ಮೈಯೆಲ್ಲ ನೋಡುವ ಪೆಟ್ ಸ್ಕ್ಯಾನ್ ಮಾಡಿಸಿದರೆ, ದೊಡ್ಡ ಕರುಳಿನಲ್ಲೂ ಏನೋ ಹೊಳೆಯುತ್ತಿದೆ ಅಂತ ಬಂದಿದೆ, ಇದೂ ಕ್ಯಾನ್ಸರಾ ಅಂತ ಕೇಳಿದ್ದೀಯ. ಹೆದರಬೇಡ. ಆದರೆ ಆ ಸಾಲನ್ನು ಬಿಟ್ಟುಬಿಡಲೂ ಬೇಡ.

ನಿಮ್ಮ ಮಾವನಿಗೆ ಆಗಿದ್ದು ಗೊತ್ತಲ್ಲ. ಲಿಂಫೋಮಾ ಅಂತ ದುಗ್ಧ ಗ್ರಂಥಿಗಳ ಕ್ಯಾನ್ಸರ್, ಅದರ ಕೀಮೋ ಮುಗಿದ ಮೇಲೆ ಸ್ಕ್ಯಾನ್ ಮಾಡಿಸಿದೆವು. ಗಂಟೆಲ್ಲ ಕರಗಿದೆ ಅಂತ ಬಂತು, ದೇವರಿಗೆ ತುಪ್ಪದ ದೀಪ ಹಚ್ಚಿದೆ. ರಿಪೋರ್ಟಿನ ಕೆಳಗಡೆ, ಸಿಗ್ಮಾಯ್ಡ್ ಕರುಳಿನಲ್ಲಿ (ದೊಡ್ಡ ಕರುಳಿನ ಕೊನೆಗೆ ಹತ್ತಿರದ ಭಾಗ) ಒಂದು ಜಾಗ ಹೊಳೆಯುತ್ತಿದೆ, ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ಮಾಡಿಸಿ ಅಂತ ಇತ್ತು. ಬೆರಳಿಟ್ಟು ತೋರಿಸಿದೆ. ಡಾಕ್ಟರು ತಲೆ ಕೂಡ ಎತ್ತದೆ, ಅದೆಲ್ಲ ನಾರ್ಮಲ್ ಅಂದರು. ಮುಂದಿನ ದೀಪಾವಳಿ ಹೊತ್ತಿಗೆ ಮಲದಲ್ಲಿ ರಕ್ತ. ಅದೇ ಜಾಗದಲ್ಲಿ ಗಡ್ಡೆ. ಕರುಳು ಕತ್ತರಿಸಿ, ಮಲ ಹೋಗುವುದಕ್ಕೆ ಹೊಟ್ಟೆಗೆ ಬ್ಯಾಗ್ ಹಾಕಿದರು. ಮೊದಲೇ ನೋಡಿದ್ದರೆ ಬರೀ ಪಾಲಿಪ್ (ಕರುಳಿನ ಒಳಗೋಡೆಯ ಸಣ್ಣ ಗಂಟು) ಇದ್ದಿರಬಹುದು, ಕೊಲೊನೋಸ್ಕೋಪಿ ಮಾಡುವಾಗಲೇ ತೆಗೆಯಬಹುದಿತ್ತು. ಅದಕ್ಕೇ ಮತ್ತೆ ಹೇಳುತ್ತೀನಿ, ಆ ಸಾಲು ಬಿಡಬೇಡ.

ಆ ಬ್ಯಾಗಿನ ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸಬೇಕು. ಸ್ವಲ್ಪ ದೊಡ್ಡದಾದರೆ ಮಲ ತಾಗಿ ಚರ್ಮ ಬೆಂದು ಹೋಗುತ್ತದೆ. ಎಲ್ಲಾ ನಾನೊಬ್ಬಳೇ ಮಾಡಿದೆ. ಪಕ್ಕದ ಬೀದಿಗೆ ಸೀಮಂತಕ್ಕೆ ಬಂದ ನಮ್ಮ ನೆಂಟರು ಮನೆಗೆ ಬಂದು ಒಂದು ಲೋಟ ನೀರು ಕುಡಿಯಲಿಲ್ಲ. ವಾಸನೆ ಅಂದರಂತೆ. ಅವರೂ ಈ ಗ್ರೂಪಿನಲ್ಲೇ ಇದ್ದಾರೆ, ಓದಲಿ. ನಿಮ್ಮ ಮಾವ ಅವತ್ತು ಬಾಗಿಲ ಕಡೆಗೇ ನೋಡಿಕೊಂಡು ಕೂತಿದ್ದರು.

ಅಯ್ಯೋ, ಮುಖ್ಯವಾದದ್ದೇ ಮರೆತೆ. ನಿಮ್ಮಪ್ಪ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾನೆ ಅಲ್ವಾ? ಪೆಟ್ ಸ್ಕ್ಯಾನಿಗೆ ಕೊಡುವುದು ಸಕ್ಕರೆಯಂಥ ಇಂಜೆಕ್ಷನ್, ಅದನ್ನು ಜಾಸ್ತಿ ಹೀರಿಕೊಳ್ಳುವ ಜಾಗ ಹೊಳೆಯುತ್ತದೆ. ಮೆಟ್‌ಫಾರ್ಮಿನ್ ತಗೊಳ್ಳುವ ಎಷ್ಟೋ ಜನರಿಗೆ ಕರುಳು ಉದ್ದಕ್ಕೂ ಹೊಳೆಯುತ್ತದೆ. ಅದಕ್ಕೇ ಎಷ್ಟೋ ಕಡೆ ಸ್ಕ್ಯಾನಿಗೆ 48 ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ. ರಿಪೋರ್ಟಿನಲ್ಲಿ ಡಿಫ್ಯೂಸ್ ಅಂತ ಇದೆಯಾ, ಫೋಕಲ್ ಅಂತಲಾ ನೋಡು. ಡಿಫ್ಯೂಸ್ ಅಂದರೆ ಕರುಳೆಲ್ಲ, ಹೆಚ್ಚಾಗಿ ಮಾತ್ರೆಯದ್ದೋ ಮಾಮೂಲಿಯೋ ಇರುತ್ತದೆ. ಫೋಕಲ್ ಅಂದರೆ ಒಂದೇ ಜಾಗ. ಹಾಗಿದ್ದರೆ ತೊಂದರೆ ಏನೂ ಇಲ್ಲದಿದ್ದರೂ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿ ಕೊಲೊನೋಸ್ಕೋಪಿ ವಿಷಯ ಕೇಳಲೇಬೇಕು. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಆ ಡಾಕ್ಟರಿಗೆ ಮೊದಲೇ ಹೇಳು. ಹೋಗುವಾಗ ಸ್ಕ್ಯಾನಿನ ಸಿಡಿ, ಮಾತ್ರೆ ಚೀಟಿ ಎರಡೂ ತಗೊಂಡು ಹೋಗು.