ಸಹಾಯ ಬೇಕು: ದುಡ್ಡಿಲ್ಲದ ಕೋರಸ್ ಪಾತ್ರ ಒಪ್ಪಿಕೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನಾನು ಹವ್ಯಾಸಿ ಗಾಯಕಿ, ಆಲ್ಟೋ ದನಿ, ಅಂದರೆ ಹೆಂಗಸರ ತಗ್ಗು ಸ್ಥಾಯಿಯದು. ಒಂದು ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ತಂಡದವರು ಗುಂಪಾಗಿ ಹಾಡುವ ಕೋರಸ್‌ಗೆ ಕರೆದಿದ್ದಾರೆ, ಸಂಭಾವನೆ ಇಲ್ಲ. ನೋಟೇಶನ್ ಓದುತ್ತಾ ನನ್ನ ದನಿಗೆ ಬರೆದ ಪಾರ್ಟ್ ಬಿಡದೆ ಹಾಡುವುದು, ಸಂಗೀತ ನಡೆಸುವ ಕಂಡಕ್ಟರ್ ಕೈ ನೋಡುತ್ತಲೇ ವೇದಿಕೆ ಮೇಲೆ ಓಡಾಡುವುದು, ಇದನ್ನೆಲ್ಲ ಒಬ್ಬಳೇ ಕೂತು ಕಲಿಯಲು ಆಗುವುದಿಲ್ಲ ಅಲ್ವಾ, ಅದಕ್ಕೇ ಆಸೆ ಜಾಸ್ತಿ. ಆದರೆ ಅಲ್ಲಿ ಪಕ್ಕದವರ ದನಿಗೆ ಬೆರೆಯಲು ನನ್ನ ದನಿ ತಗ್ಗಿಸಬೇಕು. ಸೋಲೋಗೆ, ಅಂದರೆ ಒಬ್ಬಳೇ ಹಾಡಲು, ಕಲಿಯುತ್ತಿರುವುದು ಇದಕ್ಕೆ ಉಲ್ಟಾ. ಗುರುಗಳನ್ನು ಕೇಳಿದೆ, ನಿನ್ನಿಷ್ಟ ಅಂದರು. ತಂಡದವರು ಮುಂದೆ ಚಿಕ್ಕ ಪಾತ್ರ ಸಿಗಬಹುದು ಅನ್ನುತ್ತಾರೆ, ಖಚಿತವಾಗಿ ಹೇಳುವುದಿಲ್ಲ. ವಾದ್ಯದವರಿಗೆ ಮಾತ್ರ ದುಡ್ಡು ಕೊಡುತ್ತಾರಂತೆ, ಅದು ಚುಚ್ಚುತ್ತದೆ.

ಹೀಗೆ ದುಡ್ಡಿಲ್ಲದೆ ಕೋರಸ್ ಹಾಡಿದವರು ದಯವಿಟ್ಟು ಹೇಳಿ: ನಿಮಗೆ ಆಮೇಲೆ ಸೋಲೋ ಪಾತ್ರ ಸಿಕ್ಕಿತಾ, ಇಲ್ಲಾ ಕೋರಸ್‌ಗೇ ಸೀಮಿತವಾದಿರಾ? ಒಪ್ಪುವ ಮುಂಚೆ ತಂಡದವರ ಹತ್ತಿರ ಏನೇನು ಕೇಳಿಕೊಳ್ಳಬೇಕು?